ಎದೆನೋವು ಬಂದರೆ ಮೊದಲು ಇಸಿಜಿ, ಆಮೇಲೆ ಘಾಟಿ

ನಮ್ಮ ದೊಡ್ಡಪ್ಪನಿಗೆ ಎದೆ ಹಿಡಿದುಕೊಂಡಿದ್ದು ಆಷಾಢದ ಒಂದು ರಾತ್ರಿ, ಹತ್ತು ಗಂಟೆ ಸುಮಾರಿಗೆ. ಹೊರಗೆ ಮಳೆ ಹೊಡೀತಾ ಇತ್ತು. ರಾತ್ರಿ ಊಟಕ್ಕೆ ಹಲಸಿನಕಾಯಿ ಪಲ್ಯ ಆಗಿತ್ತು, ಹಾಗಾಗಿ ಎಲ್ಲರೂ ವಾಯು ಅಂದರು. ಜೀರಿಗೆ ಕಷಾಯ ಆಯ್ತು. ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕೊಟ್ಟಿದ್ದಾಯ್ತು. ಬೆನ್ನಿಗೆ ಎಣ್ಣೆ ತಿಕ್ಕಿದ್ದಾಯ್ತು. ದೊಡ್ಡಪ್ಪನ ಬನಿಯನ್ನು ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ಕಂಬಳಿ ಹೊದೆಯುವ ಚಳಿಯಲ್ಲಿ ಈ ಬೆವರು ಯಾಕೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಹೃದಯ ಹೇಗೆ ಮಿಡಿಯುತ್ತಿದೆ ಅಂತ ಕಾಗದದ ಮೇಲೆ ಗೆರೆಯಲ್ಲಿ ತೋರಿಸುವ ಇಸಿಜಿ ಪರೀಕ್ಷೆ ಆಗಿದ್ದು ಮಧ್ಯಾಹ್ನ ಎರಡು ಗಂಟೆಗೆ, ಬೇರೆ ಆಸ್ಪತ್ರೆಯಲ್ಲಿ. ಅಂದರೆ ನೋವು ಶುರುವಾಗಿ ಹದಿನಾರು ಗಂಟೆಯ ಮೇಲೆ. ದೊಡ್ಡಪ್ಪ ಬದುಕಿದರು. ಆದರೆ ಹೃದಯಾಘಾತದಿಂದ ಹೃದಯದ ಒಂದು ಭಾಗದ ಮಾಂಸ ಸತ್ತು ಹೋಗಿತ್ತು. ಐವತ್ತು ವರ್ಷ ಹತ್ತಿ ಇಳಿದ ತೋಟದ ದರೆಯನ್ನು ಆಮೇಲೆ ಅವರು ಹತ್ತಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಜಗತ್ತಿನಲ್ಲಿ ಸತ್ತವರು ಸುಮಾರು 1.98 ಕೋಟಿ ಜನ. ಇಂಥ ಸಾವುಗಳಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆಗುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಒಂದು ಇಸಿಜಿ ಯಂತ್ರ, ಒಂದು ಇಂಜೆಕ್ಷನ್, ನಾಲ್ಕಾರು ಅಗ್ಗದ ಮಾತ್ರೆ. ಅವು ಹೊತ್ತಿಗೆ ಸರಿಯಾಗಿ ಕೈಗೆ ಸಿಗುವುದಿಲ್ಲ, ಅಷ್ಟೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಂಟಿ ಮನೆಗಳಲ್ಲಿ ಇರುವ ನಾವು ಏನು ಮಾಡಬಹುದು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಇವತ್ತೇ ಮಾಡಿಡುವ ಕೆಲಸ

ನೋವು ಬಂದ ರಾತ್ರಿ ಯೋಚನೆ ಓಡುವುದಿಲ್ಲ. ಹಾಗಾಗಿ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಿ. ಮೇಲೆ 108. ಅದರ ಕೆಳಗೆ ರಾತ್ರಿ ಕರೆದರೆ ಬರುವ ಇಬ್ಬರು ಜೀಪು ಅಥವಾ ಓಮ್ನಿಯವರ ನಂಬರ್. ಆಮೇಲೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಯ ಹೆಸರು. ಅದು ಯಾವುದು ಅಂತ ಸುಮ್ನೆ ಊಹೆ ಮಾಡಬೇಡಿ. ಒಂದು ದಿನ ಹೋಗಿ ಕೇಳಿ ಬನ್ನಿ.

ಮನೆಗೆ ದಾರಿ ಹೇಳುವ ಎರಡು ಸಾಲನ್ನೂ ಅಲ್ಲೇ ಬರೆದಿಡಿ. "ಬಸ್ ಸ್ಟಾಪ್ ದಾಟಿ ಎಡಕ್ಕೆ ಮಣ್ಣು ರಸ್ತೆ, ಹಾಲಿನ ಡೇರಿ ಹತ್ತಿರ ಒಬ್ಬರು ಟಾರ್ಚ್ ಹಿಡಿದು ನಿಂತಿರುತ್ತಾರೆ" ಅಂದರೆ ಡ್ರೈವರಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಮಕ್ಕಳಿಗೂ ಗೊತ್ತಿರಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಅಂಗಳದ ಒಂದು ಮೂಲೆ, ಇಲ್ಲಾ ಗುಡ್ಡದ ಮೇಲಿನ ಒಂದು ಬಂಡೆ.

ಡಬ್ಬದಲ್ಲಿ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳಿ. ಮನೆಯವರಲ್ಲಿ ಯಾರಿಗೆ ಅದು ಕೊಡಬಹುದು, ಯಾರಿಗೆ ಬೇಡ ಅಂತ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ. ಮಲೆನಾಡಿನ ತೇವಕ್ಕೆ ಮಾತ್ರೆ ಬೇಗ ಹಾಳಾಗುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ಇಡಬೇಡಿ, ಮಳೆಗಾಲಕ್ಕೆ ಮುಂಚೆ ತಾರೀಕು ನೋಡಿ ಹೊಸದು ತನ್ನಿ.

ಗ್ಯಾಸೋ ಹೃದಯವೋ

ಎದೆಯ ನಡುವೆ ಒನಕೆ ಇಟ್ಟಂಥ ಭಾರ, ಬಿಗಿತ, ಉರಿ. ಎಡಗೈಗೋ ಎರಡೂ ಕೈಗೋ, ದವಡೆಗೋ, ಬೆನ್ನಿಗೋ ಹರಿಯುವ ನೋವು. ತಣ್ಣಗಿನ ಬೆವರು, ವಾಂತಿ ಬಂದಂತಾಗುವುದು, ಉಸಿರು ಕಟ್ಟುವುದು. ಹೊಟ್ಟೆಯ ಮೇಲ್ಭಾಗದಲ್ಲೇ ನೋವು ಬಂದು ಅಲ್ಲೇ ನಿಲ್ಲುವುದೂ ಉಂಟು.

ಶುಗರ್ ಇದ್ದವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಹೃದಯಾಘಾತ ನೋವೇ ಇಲ್ಲದೆಯೂ ಬರಬಹುದು. ಬರೀ ಸುಸ್ತು, ಏದುಸಿರು, ಏನೋ ಸಂಕಟ. ಮನೆಯ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಒಲೆ ಮುಂದೆ ಕೂತು ಅಡುಗೆ ಮುಗಿಸಿಯೇ ಮಲಗುತ್ತಾರೆ. ಅಮ್ಮ ಕೆಲಸದ ನಡುವೆ ಕೂತುಬಿಟ್ಟರೆ, ಮುಖ ಬಿಳಿಚಿಕೊಂಡಿದ್ದರೆ, ಏನಾಯ್ತು ಅಂತ ಎರಡು ಸಲ ಕೇಳಿ.

ಇದು ಗ್ಯಾಸೇ ಹೃದಯವೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಯಾರಿಂದಲೂ ಆಗುವುದಿಲ್ಲ. ಡಾಕ್ಟರಿಗೂ ಇಸಿಜಿ ಇಲ್ಲದೆ ಆಗುವುದಿಲ್ಲ. ನೋವು ಹತ್ತು ನಿಮಿಷ ದಾಟಿದರೆ, ಅಥವಾ ನೋವಿನ ಜೊತೆ ಬೆವರು ಬಂದರೆ, ಕಷಾಯ ಕಾಯಿಸುತ್ತಾ ಕೂರಬೇಡಿ. ಹೊರಡಿ. ಆಮೇಲೆ ಗ್ಯಾಸ್ ಅಂತಲೇ ಗೊತ್ತಾದರೆ ಒಳ್ಳೆಯದೇ ಆಯ್ತು ಅಲ್ವಾ?

ಮೊದಲ ಹತ್ತು ನಿಮಿಷ

ಒಬ್ಬರು 108ಕ್ಕೆ ಫೋನ್ ಮಾಡಲಿ. ಎದೆನೋವು, ವಯಸ್ಸು, ಊರು, ಗುರುತು, ಇಷ್ಟು ಹೇಳಿ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳಲಿ. ದೂರ ಇದೆ ಅಂದರೆ ಊರಿನ ಜೀಪಿನಲ್ಲೇ ಹೊರಟು, ಅರ್ಧ ದಾರಿಯಲ್ಲಿ ಎಲ್ಲಿ ಎದುರಾಗಬೇಕು ಅಂತ ಫೋನಿನಲ್ಲೇ ಗೊತ್ತು ಮಾಡಿಕೊಳ್ಳಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು ಬೇಡ. ನೋವು ಇರುವವರು ತಾವೇ ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಇನ್ನೊಬ್ಬರು ರೋಗಿಯನ್ನು ಗೋಡೆಗೆ ಒರಗಿಸಿ ಅರ್ಧ ಕೂತ ಹಾಗೆ ಕೂರಿಸಿ. ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ಅಗಿದು ನುಂಗಲು ಹೇಳಿ. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಆಸ್ಪಿರಿನ್ ಅಲರ್ಜಿ ಇದ್ದರೆ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುತ್ತಿದ್ದರೆ ಕೊಡಬೇಡಿ. ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋಗಿದ್ದರೆ ಅದು ಲಕ್ವ, ಆಗಲೂ ಬೇಡ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಅಕ್ಕಪಕ್ಕದವರ ಮಾತು ಕೇಳಿ ಇಡಬೇಡಿ. ಬೀಪಿ ಇಳಿದಿದ್ದರೆ ಅದರಿಂದ ಪ್ರಾಣಕ್ಕೇ ಕುತ್ತು. ರೋಗಿಗೆ ಅಂತಲೇ ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ ಸರಿ.

ಈಗ ಮಲೆನಾಡಿನ ಮುಖ್ಯ ಕಷ್ಟ. ಮನೆ ಇರುವುದು ಕೆಳಗೆ ಕಣಿವೆಯಲ್ಲಿ, ರಸ್ತೆ ಇರುವುದು ಮೇಲೆ. ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. "ನಿಧಾನಕ್ಕೆ ನಡೀತಾರೆ ಬಿಡಿ" ಅಂತ ರೋಗಿಯನ್ನು ನಡೆಸುತ್ತೇವೆ. ಇದು ದೊಡ್ಡ ತಪ್ಪು. ರಕ್ತ ಸಿಗದೆ ಒದ್ದಾಡುತ್ತಿರುವ ಹೃದಯಕ್ಕೆ ಗುಡ್ಡ ಹತ್ತಿಸಿದರೆ ಇನ್ನಷ್ಟು ಮಾಂಸ ಸಾಯುತ್ತದೆ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ತನ್ನಿ. ರೋಗಿಯನ್ನು ಕೂರಿಸಿ, ಸೊಂಟಕ್ಕೆ ಒಂದು ಪಂಚೆಯನ್ನು ಕುರ್ಚಿಯ ಬೆನ್ನಿಗೆ ಸೇರಿಸಿ ಕಟ್ಟಿ. ಕುರ್ಚಿಯ ಕೆಳಗೆ ಎರಡು ಗಟ್ಟಿ ಬಿದಿರು ತೂರಿಸಿ, ಕಾಲುಗಳಿಗೆ ಹಗ್ಗದಿಂದ ಬಿಗಿಯಿರಿ. ಹಿಂದೆ ಇಬ್ಬರು, ಮುಂದೆ ಇಬ್ಬರು, ಟಾರ್ಚ್ ಹಿಡಿಯಲು ಒಬ್ಬರು. ಸಂಕದ ಮೇಲೆ ಇಬ್ಬರೇ ಹಿಡಿಯಬೇಕಾಗುತ್ತದೆ, ಅಲ್ಲಿ ಜೋಪಾನ. ಮಳೆ ಬಿಟ್ಟ ಒಂದು ಭಾನುವಾರ ಊರಿನ ಹುಡುಗರು ಸೇರಿ ಗಟ್ಟಿಮುಟ್ಟಾದ ಒಬ್ಬರನ್ನು ಕೂರಿಸಿ ಹೊತ್ತು ನೋಡಿ. ಎಲ್ಲಿ ಕಾಲು ಜಾರುತ್ತೆ, ಎಲ್ಲಿ ಮುಳ್ಳು ಕಡಿಯಬೇಕು ಅಂತ ಅವತ್ತೇ ತಿಳಿಯುತ್ತದೆ.

ಎಲ್ಲಿಗೆ ಹೋಗುವುದು

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಮೊದಲು ಹತ್ತಿರದ ಇಸಿಜಿ, ಆಮೇಲೆ ದೂರದ ಆಸ್ಪತ್ರೆ. ನಾವು ಮಾಡುವುದು ಇದರ ಉಲ್ಟಾ. ಎದೆನೋವು ಅಂದ ಕೂಡಲೇ "ಸೀದಾ ಮಣಿಪಾಲಕ್ಕೆ ಹೊರಡಿ" ಅನ್ನುತ್ತೇವೆ. ತಾಲ್ಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಗಾಡಿ ದಾಟಿ ಹೋಗುತ್ತದೆ. ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಮಂಜು, ಮಣ್ಣು ಕುಸಿತ, ಮರ ಬಿದ್ದಿರುವುದು. ಶಿವಮೊಗ್ಗದ ಕಡೆ ಹೊರಟರೂ ಸಾಗರದಿಂದ ಎಪ್ಪತ್ತು ಕಿಲೋಮೀಟರಿನ ಹತ್ತಿರ, ತೀರ್ಥಹಳ್ಳಿಯಿಂದ ಅರವತ್ತಕ್ಕೂ ಜಾಸ್ತಿ. ಆ ಹೊತ್ತಿನಲ್ಲೆಲ್ಲ ಹೃದಯ ಸಾಯುತ್ತಲೇ ಇರುತ್ತದೆ.

ಒಳಗೆ ಏನಾಗುತ್ತಿದೆ ಅಂತ ತಿಳಿದರೆ ಯಾಕೆ ಹೀಗೆ ಹೇಳುತ್ತೇನೆ ಅಂತ ಗೊತ್ತಾಗುತ್ತದೆ. ಹೃದಯಕ್ಕೇ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿರುತ್ತದೆ. ತೋಟದ ಕಾಲುವೆಗೆ ಕಸ ಸಿಕ್ಕಿಕೊಂಡು ಕೆಳಗಿನ ಸಾಲಿಗೆ ನೀರು ನಿಂತ ಹಾಗೆ. ಅದನ್ನು ಬಿಡಿಸಲು ಎರಡು ದಾರಿ. ಒಂದು, ನಾಳದೊಳಗೆ ತಂತಿ ಹಾಕಿ ಬಲೂನು ಉಬ್ಬಿಸಿ ಸ್ಟೆಂಟ್ ಇಡುವ ಆಂಜಿಯೋಪ್ಲಾಸ್ಟಿ. ಎರಡು, ಹೆಪ್ಪನ್ನು ಕರಗಿಸುವ ಇಂಜೆಕ್ಷನ್. ಇಸಿಜಿ ಆಗಿ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿದ್ದರೆ ಅದೇ ಒಳ್ಳೆಯದು. ಶಿವಮೊಗ್ಗ ಪೇಟೆಯಲ್ಲಿ, ಭದ್ರಾವತಿಯಲ್ಲಿ ಇರುವವರಿಗೆ ಅದು ಆದೀತು. ನಿಟ್ಟೂರು, ಬಿದನೂರು ನಗರ, ತುಮರಿ ಕಡೆಯವರಿಗೆ ಕಷ್ಟ. ಅಂಥವರಿಗೆ ಹತ್ತಿರದಲ್ಲೇ ಇಂಜೆಕ್ಷನ್ ಕೊಡಿಸಿ ಮುಂದೆ ಕಳಿಸುವುದೇ ಸರಿಯಾದ ಕ್ರಮ. ಇಂಜೆಕ್ಷನ್ 12 ಗಂಟೆಯೊಳಗೆ ಕೊಡಬಹುದು, ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟಷ್ಟು ಗುಣ ಆಮೇಲೆ ಇಲ್ಲ.

ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದ್ದು ಇದಕ್ಕೇ. 2021ರ ಅಕ್ಟೋಬರ್ 29ರಂದು ಅವರು 46ನೇ ವಯಸ್ಸಿಗೇ ಹೋಗಿಬಿಟ್ಟದ್ದನ್ನು ನಾವು ಯಾರೂ ಮರೆತಿಲ್ಲ. ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ. ಅವರು ನೋಡಿ ಹೃದಯಾಘಾತ ಹೌದು ಅಂದರೆ ಅಲ್ಲಿಯೇ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ, ಇಲ್ಲಿ ಉಚಿತ. ಹಳೆಯ ಸ್ಟ್ರೆಪ್ಟೋಕೈನೇಸನ್ನು ಡ್ರಿಪ್ಪಿನಲ್ಲಿ ಅರ್ಧ, ಮುಕ್ಕಾಲು ಗಂಟೆ ಹರಿಸಬೇಕು. ಟೆನೆಕ್ಟೆಪ್ಲೇಸನ್ನಾದರೆ ಮೈತೂಕ ನೋಡಿ ಒಂದೇ ಸಲ ಕೆಲವೇ ಸೆಕೆಂಡಿನಲ್ಲಿ ಕೊಟ್ಟು ಮುಗಿಸಬಹುದು. ಚಿಕ್ಕ ಆಸ್ಪತ್ರೆಗೆ ಹೇಳಿ ಮಾಡಿಸಿದ ಮದ್ದು.

ತುಮರಿ, ಬ್ಯಾಕೋಡಿನವರಿಗೆ ಈ ಮಾತು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಶರಾವತಿ ಹಿನ್ನೀರಿನ ಆ ಕಡೆ ಇದ್ದವರಿಗೆ ದಶಕಗಟ್ಟಲೆ ಲಾಂಚೇ ಗತಿ. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಎದೆನೋವು ಬಂದರೆ ಬೆಳಗಾಗಬೇಕಿತ್ತು, ಇಲ್ಲಾ ಸುತ್ತು ಹೊಡೆಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರಿಗೆ ಅನುಕೂಲ ಆಯ್ತು ಅಂತ ಎಲ್ಲರೂ ಬರೆದರು. ನನಗೆ ಮಾತ್ರ ಮೊದಲು ನೆನಪಾಗಿದ್ದು ರಾತ್ರಿ ಹೊತ್ತಿನ ರೋಗಿಗಳು.

ಆಸ್ಪತ್ರೆಯಲ್ಲಿ ಕೇಳಬೇಕಾದ ಮಾತು

ಬಾಗಿಲು ದಾಟುತ್ತಲೇ "ಎದೆನೋವು, ಇಷ್ಟು ಗಂಟೆಗೆ ಶುರುವಾಯ್ತು, ಇಸಿಜಿ ಬೇಕು" ಅನ್ನಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಡಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಇಂಜೆಕ್ಷನ್ ಬೇಕಿದ್ದರೆ ಅರ್ಧ ಗಂಟೆಯೊಳಗೆ. ವೈದ್ಯಲೋಕವೇ ಹಾಕಿಕೊಂಡ ಗಡುವು ಇದು. ಜೋರು ಮಾಡದೆ, ಆದರೆ ಬಿಡದೆ ಕೇಳಿ.

ಎಲ್ಲ ಹೃದಯಾಘಾತಕ್ಕೂ ಈ ಇಂಜೆಕ್ಷನ್ ಆಗುವುದಿಲ್ಲ. ಇಸಿಜಿಯಲ್ಲಿ ಗೆರೆ ಒಂದು ರೀತಿಯಲ್ಲಿ ಮೇಲೆದ್ದಿದ್ದರೆ ಮಾತ್ರ. ರೋಗಿಗೆ ಮೊದಲು ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಇತ್ತೀಚೆಗೆ ಲಕ್ವ ಹೊಡೆದಿತ್ತೇ, ಆಪರೇಶನ್ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ, ರಕ್ತ ತೆಳು ಮಾಡುವ ಮಾತ್ರೆ ತಗೋತಾರೆಯೇ, ಇದನ್ನೆಲ್ಲ ಮುಚ್ಚಿಡದೆ ಹೇಳಿ. ಇಂಥವರಿಗೆ ಆ ಮದ್ದಿನಿಂದ ರಕ್ತಸ್ರಾವದ ಭಯ ಇದೆ.

ಮೊದಲ ಇಸಿಜಿ ಸರಿ ಇದೆ ಅಂದರೂ ನೋವು ನಿಂತಿಲ್ಲದಿದ್ದರೆ ಎದ್ದು ಮನೆಗೆ ಹೋಗಬೇಡಿ. ಹದಿನೈದರಿಂದ ಮೂವತ್ತು ನಿಮಿಷಕ್ಕೆ ಇನ್ನೊಂದು ಇಸಿಜಿ ತೆಗೆಯಲು ಕೇಳಿ. ಟ್ರೊಪೋನಿನ್ ಅನ್ನುವ ರಕ್ತ ಪರೀಕ್ಷೆಯೂ ಇದೆ, ಅದರಲ್ಲಿ ಕಾಣಿಸಲು ಕೆಲವು ಗಂಟೆ ಬೇಕಾಗಬಹುದು.

ಇಂಜೆಕ್ಷನ್ ಆಯ್ತು, ನೋವು ಹೋಯ್ತು ಅಂತ ಅಲ್ಲಿಗೇ ಮುಗಿಯುವುದಿಲ್ಲ. ಒಂದು ದಿನದೊಳಗೆ ಆಂಜಿಯೋಗ್ರಾಂ ಮಾಡುವ ಆಸ್ಪತ್ರೆಗೆ ಹೋಗಲೇಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಾಗಿ ಹೆಸರು ನೋಂದಾಯಿಸಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ. ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಈ ಯೋಜನೆಗಳ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಟೇಬಲ್ ಎಲ್ಲಿದೆ ಅಂತ ಕೇಳಿ, ದುಡ್ಡು ಕಟ್ಟುವ ಮುಂಚೆ.

ಉಸಿರು ನಿಂತರೆ

ಕರೆದರೂ ಮಾತಿಲ್ಲ, ಉಸಿರಿಲ್ಲ ಅಥವಾ ಗೊರಗೊರ ಅಂತ ಎಳೆದ ಉಸಿರು. ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಟ್ಟನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಇಟ್ಟು, ಮೊಣಕೈ ಮಡಿಸದೆ ಒತ್ತಿ. ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಇಲ್ಲದಿದ್ದರೆ ಒತ್ತು ಸಡಿಲವಾಗುತ್ತದೆ. ಪಕ್ಕೆಲುಬು ಮುರಿದೀತು ಅಂತ ಹೆದರಬೇಡಿ. ಹಾಸಿಗೆಯ ಮೇಲೆ ಒತ್ತಿದರೆ ಪ್ರಯೋಜನ ಇಲ್ಲ, ಬಾಯಿಗೆ ನೀರು ಹಾಕುವುದಂತೂ ಬೇಡ.

ಮನೆಗೆ ಬಂದ ಮೇಲೆ

ಸ್ಟೆಂಟ್ ಹಾಕಿಸಿಕೊಂಡು ಬಂದವರು ಆರು ತಿಂಗಳಿಗೆ ಮಾತ್ರೆ ಬಿಡುವುದನ್ನು ನಮ್ಮೂರಲ್ಲೇ ನೋಡಿದ್ದೇನೆ. ಕೊಯ್ಲಿನ ಕಾಲ, ಪೇಟೆಗೆ ಹೋಗಲು ಬಿಡುವಿಲ್ಲ, ಹುಷಾರಾಗಿದ್ದೇನಲ್ಲ ಅನ್ನುವ ಧೈರ್ಯ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಥರದ ಮಾತ್ರೆಯನ್ನು ಡಾಕ್ಟರು ಹೇಳದೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವಾಗಲೂ ಕೇಳಿಯೇ ನಿಲ್ಲಿಸಬೇಕು. ಕೊಬ್ಬಿನ ಮಾತ್ರೆ ಅಂತ ಕರೆಯುವ ಅಟೋರ್ವಾಸ್ಟಾಟಿನ್ ಸಾಮಾನ್ಯವಾಗಿ ಜೀವನಪೂರ್ತಿ.

ಖರ್ಚು ಕಷ್ಟವಾದರೆ ಬರೆಸಿದ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ. ಅದೇ ಮದ್ದು, ಕಂಪನಿ ಹೆಸರಿಲ್ಲದೆ, ತುಂಬಾ ಕಡಿಮೆ ಬೆಲೆಗೆ. ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವ ಹಾಗೆ ಎರಡು ತಿಂಗಳ ಮಾತ್ರೆಯನ್ನೂ ತಂದಿಡಿ. ಇಸಿಜಿ ಕಾಗದದ ಗೆರೆ ಶಾಖಕ್ಕೆ ಮೂಡುವಂಥದ್ದು, ನಮ್ಮ ತೇವಕ್ಕೆ ಬೇಗ ಮಾಸುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ. ಮುಂದಿನ ಸಲ ಡಾಕ್ಟರು ಹೊಸದನ್ನು ಹೋಲಿಸಿ ನೋಡುವುದು ಈ ಹಳೆಯದರ ಜೊತೆಗೇ.

ಬರುವ ಮೊದಲೇ ತಡೆಯಲು

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಮುಗಿಬಿದ್ದರು. ಹೆದರಿಕೆ ಸಹಜ. ಆದರೆ ಹೆದರಿ ಒಂದು ದಿನ ಮಾಡಿಸುವ ಪರೀಕ್ಷೆಗಿಂತ ವರ್ಷವಿಡೀ ಬೀಪಿ ನೋಡಿಸಿಕೊಳ್ಳುವುದು ಹೆಚ್ಚು ಜೀವ ಉಳಿಸುತ್ತದೆ ಅಂತ ನನ್ನ ನಂಬಿಕೆ. ಮೂವತ್ತು ದಾಟಿದ ಎಲ್ಲರೂ ಉಪಕೇಂದ್ರದಲ್ಲೋ ಆಶಾ ಕಾರ್ಯಕರ್ತೆ ಬಂದಾಗಲೋ ನೋಡಿಸಿ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ. ಐದು ನಿಮಿಷ ಬೆನ್ನು ಒರಗಿಸಿ, ಮಾತಾಡದೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆಯಬೇಕು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಡಾಕ್ಟರನ್ನು ಕಾಣಿ. ಆಮ್ಲೋಡಿಪಿನ್ ಥರದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೀಪಿ ಸರಿಹೋಗಿದ್ದು ಮಾತ್ರೆಯಿಂದ, ಆದ್ದರಿಂದ ಸರಿಹೋಯ್ತು ಅಂತ ಮಾತ್ರೆ ಬಿಡಬೇಡಿ.

ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚ, ಅದಕ್ಕಿಂತ ಕಡಿಮೆ ಸಾಕು. ಅಪ್ಪೆಮಿಡಿ, ಹಪ್ಪಳ, ಉಪ್ಪುಮೀನು ಎಲ್ಲ ಸೇರಿಸಿಯೇ ಆ ಲೆಕ್ಕ. ಮಿಡಿ ಪೂರ್ತಿ ಬಿಡಿ ಅಂತ ಹೇಳಲು ನನಗೂ ಮನಸ್ಸು ಬಾರದು. ಅರ್ಧ ಮಿಡಿ ತಿನ್ನಿ, ಅದರ ರಸವನ್ನು ಅನ್ನಕ್ಕೆ ಕಲಸಬೇಡಿ. ಕವಳಕ್ಕೆ ಹಾಕುವ ಹೊಗೆಸೊಪ್ಪು ಮತ್ತು ಬೀಡಿ ಮಾತ್ರ ಪೂರ್ತಿ ಬಿಡಲೇಬೇಕು. ಸೇದುವುದು ಬಿಟ್ಟು ಒಂದು ವರ್ಷಕ್ಕೆ, ಸೇದುತ್ತಲೇ ಇರುವವರಿಗಿಂತ ಹೃದಯಾಘಾತದ ಅಪಾಯ ಅರ್ಧದಷ್ಟಾಗುತ್ತದೆ.

ಮಕ್ಕಳ ಮಾತು ಒಂದಿದೆ. ಐದರಿಂದ ಹದಿನೈದು ವರ್ಷದ ಮಗುವಿಗೆ ಗಂಟಲು ನೋವು, ಜ್ವರ ಬಂದು ಹೋಗಿ, ಎರಡು ಮೂರು ವಾರಕ್ಕೆ ಇವತ್ತು ಮಂಡಿ, ನಾಳೆ ಮೊಣಕೈ ಅಂತ ಗಂಟು ಊದಿಕೊಂಡರೆ ಅದು ರುಮ್ಯಾಟಿಕ್ ಜ್ವರ ಇರಬಹುದು. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆ, ಎಸ್ಟೇಟಿನ ಲೈನ್ ಮನೆಗಳಲ್ಲಿ ಇದು ಜಾಸ್ತಿ. ಗಂಟು ನೋವು ತಾನಾಗಿ ಹೋಗುತ್ತದೆ, ಹೃದಯದ ಕವಾಟ ಮಾತ್ರ ಒಳಗೇ ಕೆಡುತ್ತಾ ಬರುತ್ತದೆ. ಮುಂದೆ ಬಸುರಿಯಾದಾಗ ಉಬ್ಬಸದಿಂದ ಗೊತ್ತಾಗುವುದೂ ಇದೆ. ಇದಕ್ಕೆ ಮೂರ್ನಾಲ್ಕು ವಾರಕ್ಕೊಮ್ಮೆ ಬೆಂಜಥೈನ್ ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ನೋಯುತ್ತದೆ ಅಂತ ಮಗು ಅತ್ತರೂ ತಪ್ಪಿಸಬೇಡಿ.

ಊರು ಸೇರಿ ಮಾಡುವುದು

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರುಗಳಿಗೆ ಸಲಹೆ ಸಿಗುವ ಹಾಗೆ ಮಾಡಿದ್ದಾರೆ. ಕರಾವಳಿಯಿಂದ ಶುರುವಾದ ಆ ಕೆಲಸ ಮಲೆನಾಡಿಗೂ ಬಂದಿದೆ. ಯಂತ್ರಕ್ಕಿಂತ ಮುಖ್ಯ, ಅದನ್ನು ರಾತ್ರಿ ಹಚ್ಚುವ ಕೈ. ಹಾಗಾಗಿ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಆಸ್ಪತ್ರೆಯ ಇಸಿಜಿ ಭಾನುವಾರ ರಾತ್ರಿಯೂ ನಡೆಯುತ್ತಾ? ಕರೆಂಟು ಹೋದರೆ ಬ್ಯಾಟರಿ, ಇಸಿಜಿ ಪೇಪರ್ ಇದೆಯಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಈ ಹೊತ್ತು ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಇದೆಯಾ? ಪ್ರತಿ ಸಭೆಯಲ್ಲೂ ಕೇಳಿ.

ನಮ್ಮೂರಲ್ಲಿ ಸಂಕದ ಈ ತುದಿಗೆ ಈಗ ಒಂದು ಬಲ್ಬು ಇದೆ. ದೊಡ್ಡಪ್ಪ ಹಟ ಮಾಡಿ ಹಾಕಿಸಿದ್ದು. ರಾತ್ರಿ ಫೋನ್ ಮಾಡಿದಾಗ ಆ್ಯಂಬುಲೆನ್ಸ್‌ನವರಿಗೆ ನಾವು ಹೇಳುವ ಗುರುತು ಅದೇ.